ಚಾಯ್‌ಪಾವ್‌ನ ನಿಜವಾದ ಹೆಸರೇನು?

ಸಿನಿಮಾ ಶುರುವಾಗೋಕೆ ಮುಂಚೆ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಗುರುತು ಬಂದು ಹೋಗುತ್ತೆ. ಯು/ಎ 13+, ಯು/ಎ 16+, ಇಲ್ಲಾಂದ್ರೆ ಬರೀ ಎ. ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಹಿಂಸೆ, ಮಾದಕ ವಸ್ತು, ಬೈಗುಳ ಅಂತ ಒಂದು ಸಾಲು. ನಾವು ದಿಂಬು ಸರಿಮಾಡಿಕೊಂಡು ಕೂರೋ ಹೊತ್ತಿಗೆ ಅದು ಮಾಯವಾಗಿರುತ್ತೆ.

ಈ ಗುರುತಿಗೆ ಒಂದು ಇತಿಹಾಸ ಇದೆ. ಮೊದಲು ನಮ್ಮಲ್ಲಿ ಇದ್ದಿದ್ದು ಎರಡೇ: ಎಲ್ಲರಿಗೂ ಯು, ದೊಡ್ಡವರಿಗೆ ಎ. 1983ರಲ್ಲಿ ನಡುವೆ ಯುಎ ಬಂತು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ತೋರಿಸೋದು ಬಿಡೋದು ಹೆತ್ತವರ ವಿವೇಚನೆ ಅಂತ ಅದರ ಅರ್ಥ. 2021ರ ನಿಯಮಗಳು ಓಟಿಟಿಗೆ 7, 13, 16 ಅಂತ ಮೂರು ಮೆಟ್ಟಿಲು ಮಾಡಿದವು. 13ರಿಂದ ಮೇಲಿನದಕ್ಕೆ ಪೇರೆಂಟಲ್ ಲಾಕ್ ಇರಲೇಬೇಕು ಅಂದವು. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿಯಾಗಿ ಥಿಯೇಟರ್ ಸಿನಿಮಾಗಳಿಗೂ ಇದೇ ಮೂರು ಮೆಟ್ಟಿಲು ಬಂದವು. ಎ ಅಂದ್ರೆ ಹದಿನೆಂಟರ ಒಳಗಿನವರಿಗೆ ಬಾಗಿಲು ಮುಚ್ಚಿದೆ ಅಂತ. ಯುಎ ಅಂದ್ರೆ ಬಾಗಿಲು ತೆರೆದಿದೆ, ನೀವುಂಟು ನಿಮ್ಮ ಮಕ್ಕಳುಂಟು ಅಂತ.

ವ್ಯವಸ್ಥೆ ತಪ್ಪೇನಲ್ಲ. ಆದ್ರೆ ಅದು ಹೇಳೋದು ಸಿನಿಮಾದಲ್ಲಿ ಏನೇನಿದೆ ಅನ್ನೋದನ್ನ ಮಾತ್ರ. ಇರೋದನ್ನ ಇಟ್ಟುಕೊಂಡು ಸಿನಿಮಾ ಏನು ಮಾಡುತ್ತೆ ಅನ್ನೋದನ್ನ ಅದು ಹೇಳಲ್ಲ. ಬ್ಯಾಡಗಿ ಮೆಣಸಿನಕಾಯಿಯೂ ಒಂದು ಕೇಜಿ, ಗುಂಟೂರಿನದೂ ಒಂದು ಕೇಜಿ. ತೂಕ ನೋಡಿ ಖಾರ ಹೇಳೋಕಾಗುತ್ತಾ?

ಇದನ್ನೆಲ್ಲ ಯೋಚಿಸೋ ಹಾಗೆ ಮಾಡಿದ್ದು ನನ್ನ ಅಕ್ಕ. ಅವಳಿರೋದು ಸಿರುಗುಪ್ಪದಲ್ಲಿ. ಬೇಸಿಗೆ ರಜಕ್ಕೆ ಬೆಂಗಳೂರಿಗೆ ಬಂದಿದ್ದ ಅವಳ ಮಗನಿಗೆ ಹದಿಮೂರು ತುಂಬಿದೆ. ಇರ್ಫಾನ್ ಖಾನ್ ಮೊದಲ ಸಲ ಕಾಣಿಸಿಕೊಂಡ ಸಿನಿಮಾ ಯಾವುದು ಅಂತ ಎಲ್ಲೋ ಓದಿ, ‘ಸಲಾಂ ಬಾಂಬೆ’ ನೋಡೋಣ ಮಾಮ ಅಂತ ಹಟ ಹಿಡಿದಿದ್ದ. ಅಕ್ಕನ ಫೋನ್ ಬಂತು. “ಏನೋ ತಮ್ಮಾ, ಇವ ಯಾವ್ದೋ ಹಳೇ ಪಿಚ್ಚರ್ ನೋಡ್ತೀನಂತಾನಲ್ಲ, ಬಾಂಬೆ ಬೀದಿ ಹುಡುಗ್ರದಂತೆ. ಏನೈತೋ ಅದ್ರಾಗ? ತೋರ್ಸಬೋದಾ, ಬ್ಯಾಡಾ?”

ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕಾಗದ ಪ್ರಶ್ನೆ ಇದು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಮೊದಲು ಅದರಲ್ಲಿ ಏನಿದೆ ಅಂತ ಪ್ರಾಮಾಣಿಕವಾಗಿ ಹೇಳಿಬಿಡ್ತೀನಿ. ಮೀರಾ ನಾಯರ್ ನಿರ್ದೇಶನದ, ಸೂನಿ ತಾರಾಪೋರ್‌ವಾಲಾ ಬರೆದ ಈ ಸಿನಿಮಾ ಬಂದಿದ್ದು 1988ರಲ್ಲಿ. ಕಾನ್ ಚಿತ್ರೋತ್ಸವದಲ್ಲಿ ಕ್ಯಾಮೆರಾ ದೋರ್ ಪ್ರಶಸ್ತಿ ಪಡೆಯಿತು, ಆಸ್ಕರ್‌ಗೆ ನಾಮನಿರ್ದೇಶನವಾಯಿತು. ಕೃಷ್ಣ ಅನ್ನೋ ಹುಡುಗ ಅಣ್ಣನ ಗಾಡಿಗೆ ಬೆಂಕಿ ಇಟ್ಟಿದ್ದಾನೆ. 500 ರೂಪಾಯಿ ದುಡಿದು ತಂದರೆ ಮಾತ್ರ ಮನೆಗೆ ಬಾ ಅಂತ ಅವನ ತಾಯಿ ಸರ್ಕಸ್ಸಿನವರ ಹತ್ತಿರ ಬಿಟ್ಟು ಹೋಗಿದ್ದಾಳೆ. ಒಂದು ದಿನ ಏನೋ ತರೋಕೆ ಹೋಗಿ ವಾಪಸ್ ಬರೋ ಹೊತ್ತಿಗೆ ಸರ್ಕಸ್ಸೇ ಡೇರೆ ಕಿತ್ತುಕೊಂಡು ಹೊರಟುಹೋಗಿರುತ್ತೆ. ಕೈಲಿದ್ದ ಚಿಲ್ಲರೆಗೆ ದೊಡ್ಡ ಊರಿಗೆ ಟಿಕೆಟ್ ತಗೊಂಡು ಮುಂಬೈಗೆ ಬಂದಿಳೀತಾನೆ. ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಫಾಕ್‌ಲ್ಯಾಂಡ್ ರೋಡ್, ಅಲ್ಲಿನ ವೇಶ್ಯಾಗೃಹಗಳು, ಅಲ್ಲೊಂದು ಚಹಾ ಅಂಗಡಿ. ಅಲ್ಲಿಗೆ ಸೇರಿಕೊಂಡ ಮೇಲೆ ಅವನಿಗೆ ಕೃಷ್ಣ ಅನ್ನೋ ಹೆಸರು ಇರಲ್ಲ. ಚಾಯ್‌ಪಾವ್ ಆಗ್ತಾನೆ. ಚಹಾ ಮತ್ತು ಪಾವ್ ತಂದುಕೊಡೋನು, ಅಷ್ಟೇ.

ಬೈಗುಳ ಇದೆ, ಮುಂಬೈ ಬೀದಿಯ ಅಸಲಿ ಹಿಂದಿಯಲ್ಲಿ. ಮಾದಕ ವಸ್ತು ಇದೆ. ರಘುವೀರ್ ಯಾದವ್ ಮಾಡಿದ ಚಿಲ್ಲಮ್ ಅನ್ನೋ ಪಾತ್ರ ಅದನ್ನ ಮಾರುತ್ತೆ, ಸೇದುತ್ತೆ, ಅದರಿಂದಲೇ ಸಾಯುತ್ತೆ. ಹೊಡೆತ ಇದೆ. ಹುಡುಗರು ಹಾಡಹಗಲೇ ಒಬ್ಬ ಪಾರ್ಸಿ ಮುದುಕನ ಮನೆಗೆ ನುಗ್ಗಿ ಕದಿಯೋದು ಇದೆ. ಒಂದು ಕೊಲೆ ಇದೆ, ಅದನ್ನ ಮಾಡೋನು ಹುಡುಗನೇ. ವೇಶ್ಯಾವಾಟಿಕೆ ಕಥೆಯ ಉದ್ದಕ್ಕೂ ಇದೆ, ಆದ್ರೆ ಕ್ಯಾಮೆರಾ ಕಳ್ಳಗಣ್ಣು ಮಾಡಿಕೊಂಡು ಎಲ್ಲೂ ಇಣುಕಲ್ಲ. ಗುರುತಿನ ಪಕ್ಕ ಬರೆಯಬೇಕಾದ ಸಾಲಿಗೆ ಇಷ್ಟು ಸಾಕು. ಇದನ್ನ ಓದಿದ ಯಾವ ತಾಯಿಯಾದ್ರೂ ಬೇಡ ಅಂತಾಳೆ.

ಈಗ ಇನ್ನೊಂದು ಸಿನಿಮಾ ತಗೊಳ್ಳಿ. ಅಲ್ಲೂ ಒಬ್ಬ ಹುಡುಗ. ನಮ್ಮ ಕಡೆಯವನೇ. ಅವನೂ ಚಿಕ್ಕವನಿದ್ದಾಗಲೇ ಒಂಟಿಯಾಗಿ ಮುಂಬೈಗೆ ಹೋಗ್ತಾನೆ, ಬೀದಿಯಲ್ಲಿ ಬೂಟ್ ಪಾಲಿಶ್ ಮಾಡ್ತಾನೆ. ಅವನ ತಲೆ ಮೇಲೂ ತಾಯಿಗೆ ಕೊಟ್ಟ ಒಂದು ಮಾತಿನ ಭಾರ ಇದೆ. ಅವನ ಹೆಸರಲ್ಲೂ ಕೃಷ್ಣ ಇದ್ದಾನೆ: ರಾಜಾ ಕೃಷ್ಣಪ್ಪ ಬೈರ್ಯ. ಹೌದು, ರಾಕಿ ಭಾಯ್. 2018ರ ಡಿಸೆಂಬರಲ್ಲಿ ‘ಕೆಜಿಎಫ್’ ಮೊದಲ ಭಾಗ ಬಂದಾಗ ಬಳ್ಳಾರಿ ಜಿಲ್ಲೆಯಲ್ಲಿ ಆರು ವರ್ಷದ ಮಕ್ಕಳೂ ಅಪ್ಪನ ಹೆಗಲ ಮೇಲೆ ಕೂತು ಥಿಯೇಟರಿಗೆ ಹೋದವು. ನನ್ನ ಅಳಿಯನೂ ಹೋಗಿದ್ದ. ಅಕ್ಕ ಆಗ ಫೋನ್ ಮಾಡಿ ತೋರಿಸಬೋದಾ ಅಂತ ಕೇಳಿರಲಿಲ್ಲ. ಆ ಸಿನಿಮಾಗೂ ಯುಎ ಗುರುತೇ ಇತ್ತು.

ಕೆಜಿಎಫ್ ಬಗ್ಗೆ ನನಗೆ ತಕರಾರಿಲ್ಲ. ಪ್ರಶಾಂತ್ ನೀಲ್‌ಗೆ ಪರದೆ ತುಂಬಿಸೋದು ಗೊತ್ತು, ಯಶ್‌ಗೆ ಅದರ ನಡುವೆ ನಿಲ್ಲೋದು ಗೊತ್ತು. ನಾನೂ ಶಿಳ್ಳೆ ಹೊಡೆದವನೇ. ಆದ್ರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ರಾಕಿ ಹುಡುಗನಾಗಿದ್ದಾಗ ಪೊಲೀಸಿನವನ ತಲೆ ಒಡೆದು ಹೆಸರು ಸಂಪಾದಿಸ್ತಾನೆ. ಹೊಡೆದಷ್ಟೂ ಹೆಸರು ದೊಡ್ಡದಾಗುತ್ತೆ. ಅವನು ಕೊಂದವರಿಗೆ ಹೆಸರಿಲ್ಲ, ಮನೆಯಿಲ್ಲ, ಅಳೋರೂ ಇಲ್ಲ. ಅಷ್ಟು ಜನ ಸತ್ತರೂ ನಮ್ಮ ಊಟ ಕೆಡಲ್ಲ. ಚಾಯ್‌ಪಾವ್ ಒಂದೇ ಒಂದು ಕೊಲೆ ಮಾಡ್ತಾನೆ. ರೇಖಾಳನ್ನ ಹೊಡೀತಿರೋ ಬಾಬಾನನ್ನ, ಸಿಟ್ಟಲ್ಲಿ, ಕೈಗೆ ಸಿಕ್ಕಿದ ಚಾಕುವಲ್ಲಿ. ಆಮೇಲೆ ಇಬ್ಬರೂ ಓಡ್ತಾರೆ. ಬೀದಿ ತುಂಬ ಗಣಪತಿ ಮೆರವಣಿಗೆ. ಆ ಜನಜಂಗುಳಿಯಲ್ಲಿ ಅವಳ ಕೈ ತಪ್ಪಿಹೋಗುತ್ತೆ. ಕೊಲೆಯಿಂದ ಅವನಿಗೆ ಹೆಸರು ಬರಲ್ಲ, ದುಡ್ಡು ಬರಲ್ಲ, ಅಮ್ಮ ಸಿಗಲ್ಲ, ಇದ್ದ ಒಬ್ಬಳೂ ಕಳೆದುಹೋಗ್ತಾಳೆ. ಕೊನೆಗೆ ಅವನು ಒಬ್ಬನೇ ಕೂತು ಜೇಬಿಂದ ಬುಗುರಿ ತೆಗೆದು ದಾರ ಸುತ್ತೋಕೆ ಶುರು ಮಾಡ್ತಾನೆ. ಅಷ್ಟು ಹೊತ್ತೂ ನಾವು ಮರೆತಿದ್ದ ಒಂದು ವಿಷಯ ಆಗ ನೆನಪಾಗುತ್ತೆ: ಇವನು ಇನ್ನೂ ಬುಗುರಿ ಆಡೋ ವಯಸ್ಸಿನವನು.

ಎಣಿಸಿ ನೋಡಿದ್ರೆ ಹಿಂಸೆ ಎಲ್ಲಿ ಜಾಸ್ತಿ ಅಂತ ಹೇಳಬೇಕಾಗಿಲ್ಲ. ಹಿಂಸೆಗೆ ಬೆಲೆ ತೆರಬೇಕು ಅಂತ ತೋರಿಸೋದು ಯಾವುದು ಅಂತಲೂ ಹೇಳಬೇಕಾಗಿಲ್ಲ. ಹೆತ್ತವರ ಮಾರ್ಗದರ್ಶನ ಹೆಚ್ಚು ಬೇಕಿರೋದು ನಿಜವಾಗಿ ಯಾವ ಸಿನಿಮಾಗೆ? ನನ್ನ ಲೆಕ್ಕದಲ್ಲಿ ಮೊದಲನೆಯದಕ್ಕೆ. ಎರಡನೆಯದು ಮಗುವನ್ನ ಕೆಡಿಸಲ್ಲ, ನೋಯಿಸುತ್ತೆ. ನೋವಾದ ಮಗು ಪ್ರಶ್ನೆ ಕೇಳುತ್ತೆ. ನಾವು ಹೆದರೋದು ಆ ಪ್ರಶ್ನೆಗಳಿಗೆ.

ಹಾಗಂತ ‘ಸಲಾಂ ಬಾಂಬೆ’ಯಲ್ಲಿ ಹುಷಾರಾಗಿ ನೋಡಬೇಕಾದ್ದು ಏನೂ ಇಲ್ಲ ಅಂತಲ್ಲ. ಇದೆ. ಅದು ಮಾತ್ರ ಯಾವ ಗುರುತಿನ ಪಕ್ಕದಲ್ಲೂ ಬರೆದಿರಲ್ಲ. ವೇಶ್ಯಾಗೃಹಕ್ಕೆ ಹೊಸದಾಗಿ ಒಬ್ಬ ಹುಡುಗಿಯನ್ನ ಮಾರಿರ್ತಾರೆ. ಅವಳಿಗೂ ಹೆಸರಿಲ್ಲ, ವಯಸ್ಸೇ ಹೆಸರು, ಸೋಲಾ ಸಾಲ್, ಹದಿನಾರು ವರ್ಷ. ಅವಳು ಅಳ್ತಾಳೆ, ಊಟ ಬಿಡ್ತಾಳೆ, ಬಗ್ಗಲ್ಲ. ಆಗ ಮನೆಯ ಯಜಮಾನಿ ಅವಳನ್ನ ಪಳಗಿಸೋಕೆ ಬಾಬಾನನ್ನ ಕರೆಸ್ತಾಳೆ. ನಾನಾ ಪಾಟೇಕರ್ ಮಾಡಿದ ಬಾಬಾ ಅವಳಿಗೆ ಹೊಡೆಯಲ್ಲ. ಮೆತ್ತಗೆ ಮಾತಾಡ್ತಾನೆ. ಪ್ರೀತಿ ತೋರಿಸ್ತಾನೆ. ಅವಳು ನಂಬ್ತಾಳೆ. ಕೃಷ್ಣ ಬಂದು ಓಡಿಹೋಗೋಣ ಬಾ ಅಂದಾಗ ಅವಳು ಅವನ ಕಡೆ ತಿರುಗಿಯೂ ನೋಡದೆ, ಅಲಂಕಾರ ಮಾಡಿಕೊಂಡು ಮೊದಲ ಗಿರಾಕಿಯ ಹತ್ತಿರ ಹೊರಡ್ತಾಳೆ.

ಇಡೀ ಸಿನಿಮಾದ ಅತಿ ಕ್ರೂರ ಭಾಗ ಇದು. ಒಂದು ಹನಿ ರಕ್ತ ಇಲ್ಲ, ಒಂದು ಕೆಟ್ಟ ಮಾತಿಲ್ಲ. ಹದಿಮೂರರ ಹುಡುಗ ಹುಡುಗಿಯರಿಗೆ ಮೊಬೈಲ್ ಕೈಗೆ ಕೊಟ್ಟಿರೋ ನಾವು, ಕೆಟ್ಟವರು ಯಾವಾಗಲೂ ಕೆಟ್ಟವರ ಹಾಗೇ ಕಾಣಿಸ್ತಾರೆ ಅಂತ ಅವರಿಗೆ ಕಲಿಸಿದ್ದೀವಿ. ಗುಡ್ ಟಚ್, ಬ್ಯಾಡ್ ಟಚ್ ಅಂತ ಶಾಲೆಯಲ್ಲಿ ಹೇಳಿಕೊಡ್ತಾರೆ. ಮುಟ್ಟದೇ ಮೋಸ ಮಾಡೋರ ಬಗ್ಗೆ ಯಾರು ಹೇಳಿಕೊಡ್ತಾರೆ? ಈ ದೃಶ್ಯ ಮುಗಿದ ಮೇಲೆ ಸಿನಿಮಾ ನಿಲ್ಲಿಸಿ ಐದು ನಿಮಿಷ ಮಾತಾಡೋಕೆ ಧೈರ್ಯ ಇದ್ದರೆ ಮಾತ್ರ ಮಕ್ಕಳ ಜೊತೆ ಇದನ್ನ ನೋಡಿ. ಇಲ್ಲಾಂದ್ರೆ ಅವರಿಗೆ ಅದು ಒಂದು ವಿಚಿತ್ರ ಪ್ರೇಮಕಥೆಯ ಹಾಗೆ ಕಂಡುಬಿಡುವ ಅಪಾಯ ಇದೆ.

ಇನ್ನೊಂದು ಕಷ್ಟ ನಮ್ಮದೇ. ಬಡ ಮಕ್ಕಳ ಕಥೆಯನ್ನ ನಾವು ಕನ್ನಡದಲ್ಲಿ ನೋಡಿ ರೂಢಿಯಾಗಿರೋ ರೀತಿಯೇ ಬೇರೆ. ನಾಗಾಭರಣ ಅವರ ‘ಚಿನ್ನಾರಿ ಮುತ್ತ’ 1993ರದ್ದು. ಅದರ ಹಾಡುಗಳು ಇವತ್ತಿಗೂ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕೇಳಿಸುತ್ತವೆ. ಅದರ ಮರುವರ್ಷ ಬಂದಿದ್ದು ‘ಕೊಟ್ರೇಶಿ ಕನಸು’. ನಮ್ಮ ಬಳ್ಳಾರಿ ಸೀಮೆಯ ಕುಂ. ವೀರಭದ್ರಪ್ಪನವರ ಕಥೆ, ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶನ. ಎರಡರಲ್ಲೂ ಇದ್ದ ಹುಡುಗ ವಿಜಯ ರಾಘವೇಂದ್ರ. ಎರಡನೆಯದಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಎರಡೂ ನಾನು ಪ್ರೀತಿಸೋ ಸಿನಿಮಾಗಳು. ಆದ್ರೆ ಗಮನಿಸಿ, ಮುತ್ತನಿಗೆ ಓಟ ಇದೆ, ಕೊಟ್ರೇಶಿಗೆ ಓದು ಇದೆ. ನಮ್ಮ ಕಣ್ಣೀರಿಗೆ ಅರ್ಹರಾಗೋಕೆ ಅವರ ಕೈಲಿ ಏನೋ ಒಂದು ಪ್ರತಿಭೆ ಇದೆ.

ಚಾಯ್‌ಪಾವ್‌ಗೆ ಅಂಥದ್ದೇನೂ ಇಲ್ಲ. ಅವನು ಓಟಗಾರ ಅಲ್ಲ, ಬುದ್ಧಿವಂತ ವಿದ್ಯಾರ್ಥಿ ಅಲ್ಲ. ಕದೀತಾನೆ, ಬೆಂಕಿ ಇಡ್ತಾನೆ, ಸುಳ್ಳು ಹೇಳ್ತಾನೆ. ಜೊತೆಗೇ ಚಿಲ್ಲಮ್‌ನ ನೋಡಿಕೊಳ್ತಾನೆ, ರೇಖಾಳ ಪುಟ್ಟ ಮಗಳು ಮಂಜುವನ್ನ ಜೊತೆಗೆ ಕರ್ಕೊಂಡು ತಿರುಗ್ತಾನೆ, 500 ರೂಪಾಯಿಗೆ ಒಂದೊಂದೇ ನೋಟು ಕೂಡಿಡ್ತಾನೆ. ಒಳ್ಳೆಯವನೋ ಕೆಟ್ಟವನೋ ಅಂತ ಕೇಳಿದ್ರೆ ಉತ್ತರ ಇಲ್ಲ. ಅವನು ಮಗು. ಅವನನ್ನ ಕಾಪಾಡೋಕೆ ಅಷ್ಟೇ ಕಾರಣ ಸಾಕಾಗಬೇಕಿತ್ತು. ಪ್ರತಿಭೆ ಇರೋ ಬಡ ಮಗುವಿಗೆ ಮಾತ್ರ ಕರುಣೆ ಅನ್ನೋ ನಮ್ಮ ಹಳೇ ಅಭ್ಯಾಸವನ್ನ ಈ ಸಿನಿಮಾ ಕಿತ್ತುಹಾಕುತ್ತೆ. ರ‍್ಯಾಂಕು, ಮೆಡಲ್ಲು ಅಂತ ಓಡ್ತಿರೋ ಮಕ್ಕಳಿಗೂ, ಓಡಿಸ್ತಿರೋ ನಮಗೂ ಇದು ಬೇಕಾದ ಪಾಠ.

ಇದು ಎಲ್ಲೋ ಮುಂಬೈ ಕಥೆ ಅಂತ ಅನ್ನಿಸಿದ್ರೆ ಸ್ವಲ್ಪ ನಕಾಶೆ ನೋಡಿ. ಸಿರುಗುಪ್ಪದಲ್ಲಿ ತುಂಗಭದ್ರೆ ಇದೆ, ಭತ್ತದ ಗದ್ದೆ ಇದೆ, ರೈಸ್‌ಮಿಲ್ಲುಗಳಿವೆ. ರೈಲಿಗೆ ಮಾತ್ರ ಬಳ್ಳಾರಿಗೋ ಗಡಿಯಾಚೆಯ ಆದೋನಿಗೋ ಹೋಗಬೇಕು. ಆದೋನಿ, ಮಂತ್ರಾಲಯಂ ರೋಡ್, ರಾಯಚೂರು, ಎಲ್ಲ ಒಂದೇ ಹಳಿಯ ಮೇಲಿವೆ. ಅಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ ಹುಡುಗ ಗಾಡಿ ಬದಲಿಸದೆ ಮುಂಬೈಯಲ್ಲೇ ಇಳೀಬಹುದು. ಮನೆ ಬಿಟ್ಟು ರೈಲು ಹತ್ತೋ ಮಕ್ಕಳನ್ನ ಪ್ಲಾಟ್‌ಫಾರ್ಮಿನಲ್ಲೇ ಹುಡುಕಿ ಮನೆ ಸೇರಿಸೋ ಕೆಲಸಕ್ಕಾಗಿಯೇ ಹುಟ್ಟಿದ ಸಾಥಿ ಅನ್ನೋ ಸಂಸ್ಥೆ ಶುರುವಾಗಿದ್ದು ನಮ್ಮ ಪಕ್ಕದ ರಾಯಚೂರಿನಲ್ಲಿ. ಆ ಕೆಲಸದ ಬಗ್ಗೆ ಮಾಲ್ಕಮ್ ಹಾರ್ಪರ್ ಮತ್ತು ಲಲಿತಾ ಅಯ್ಯರ್ ಒಂದು ಪುಸ್ತಕ ಬರೆದರು. ಆ ಪುಸ್ತಕದ ಆಧಾರದ ಮೇಲೆ ಪೃಥ್ವಿ ಕೊಣನೂರು 2016ರಲ್ಲಿ ಮಾಡಿದ ಕನ್ನಡ ಸಿನಿಮಾ ‘ರೈಲ್ವೇ ಚಿಲ್ಡ್ರನ್’. ಅದರ ಬಾಲನಟ ಮನೋಹರ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು.

ಮುಂಬೈ ಬೇಡ, ಹಿಂದಿ ಬೇಡ ಅನ್ನೋರು ಇಲ್ಲಿಂದ ಶುರು ಮಾಡಬಹುದು. ಮನೆ ಬಿಟ್ಟು ಬಂದ ಹುಡುಗ ಬೆಂಗಳೂರು ಸ್ಟೇಷನ್ನಲ್ಲಿ ಒಂದು ಗುಂಪಿನ ಕೈಗೆ ಬೀಳ್ತಾನೆ. ಪ್ರಯಾಣಿಕರು ಎಸೆದ ಬಾಟಲಿ ಆಯ್ದು, ನಲ್ಲಿ ನೀರು ತುಂಬಿ, ಮತ್ತೆ ಪ್ರಯಾಣಿಕರಿಗೇ ಮಾರೋ ಧಂದೆ. ಹುಡುಗರ ಮೇಲೆ ಒಬ್ಬ ಯಜಮಾನ. ನಶೆ ಇದೆ, ಮಕ್ಕಳ ಮೇಲೆ ನಡೆಯೋ ದೌರ್ಜನ್ಯದ ನೆರಳೂ ಇದೆ. ಕೊಣನೂರು ಎಲ್ಲೂ ಸಂಗೀತ ಹಾಕಿ ಅಳಿಸೋಕೆ ಹೋಗಲ್ಲ. ಹುಡುಗರು ದಿನ ಹೇಗೆ ಕಳೀತಾರೆ ಅಂತ ಸುಮ್ಮನೆ ಹಿಂದೆಯೇ ನಡೀತಾರೆ. ರೈಲಲ್ಲಿ ನೀರಿನ ಬಾಟಲಿಯ ಸೀಲು ಸರಿಯಿದೆಯಾ ಅಂತ ತಿರುಗಿಸಿ ನೋಡೋ ನಮಗೆ, ಬಾಟಲಿ ಕೊಟ್ಟ ಕೈಯನ್ನೂ ನೋಡಿ ಅಂತ ಈ ಸಿನಿಮಾ ಹೇಳುತ್ತೆ.

ಎರಡೂ ಸಿನಿಮಾಗಳ ಹೊಟ್ಟೆಯಲ್ಲಿರೋ ಪ್ರಶ್ನೆ ಒಂದೇ. ಹುಡುಗ ಬೀದಿಯಲ್ಲಿ ಏನು ಮಾಡಿದ ಅನ್ನೋದಲ್ಲ, ಮನೆಯಿಂದ ಯಾಕೆ ಹೊರಟ ಅನ್ನೋದು. ಕೃಷ್ಣನನ್ನ ಹೊರಗೆ ಹಾಕಿದ್ದು ಖಳನಾಯಕ ಅಲ್ಲ, ತಾಯಿ. ಅದೂ 500 ರೂಪಾಯಿಗೆ. ಆದ್ರೂ ಅವನು ಅಮ್ಮನಿಗೆ ಕಾಗದ ಬರೆಸೋಕೆ ಹೋಗ್ತಾನೆ. ರಸ್ತೆ ಬದಿಯಲ್ಲಿ ಕೂತು ಬರೆದುಕೊಡೋ ಆ ಮನುಷ್ಯನೇ ಇರ್ಫಾನ್ ಖಾನ್. ಎರಡು ನಿಮಿಷದ ಪಾತ್ರ. ಹುಡುಗ ಹೇಳ್ತಾ ಹೋಗ್ತಾನೆ, ಆತ ಬರೀತಾ ಹೋಗ್ತಾನೆ. ಆ ಕಾಗದ ಊರು ಮುಟ್ಟಲ್ಲ. ಮಕ್ಕಳು ಸಿನಿಮಾದಲ್ಲಿ ಹೆದರೋದು ಚಾಕು ನೋಡಿ ಅಲ್ಲ, ಇಂಥ ಕಡೆ. ತಪ್ಪು ಮಾಡಿದ್ರೆ ಅಮ್ಮ ಬೇಡ ಅಂತಾಳಾ? ಮಾರ್ಕ್ಸ್ ಕಮ್ಮಿ ಬಂದಾಗ ‘ಮನೆಗೆ ಬರಬೇಡ’ ಅಂತ ನಾವು ತಮಾಷೆಗೋ ಸಿಟ್ಟಿಗೋ ಹೇಳೋ ಮಾತು ಅವರ ತಲೆಯಲ್ಲಿ ಎಲ್ಲಿ ಕೂತಿರುತ್ತೋ ಯಾರಿಗೆ ಗೊತ್ತು.

ನಾನು ಅಳಿಯನ ಜೊತೆ ಕೂತು ಪೂರ್ತಿ ನೋಡಿದೆ. ಎರಡು ಕಡೆ ನಿಲ್ಲಿಸಿದೆ. ಮುಗಿದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ, “ಮಾಮ, ಆ ಹುಡುಗ ಈಗ ಎಲ್ಲಿದ್ದಾನೆ?” ಮಕ್ಕಳಿಗೆ ಪಾತ್ರ ಬೇರೆ, ನಟ ಬೇರೆ ಅಲ್ಲ. ಹೇಳಿದೆ: ಬೆಂಗಳೂರಲ್ಲಿ. ಕೃಷ್ಣನ ಪಾತ್ರ ಮಾಡಿದ ಶಫೀಕ್ ಸೈಯದ್ ನಿಜವಾಗಿಯೂ ಬೆಂಗಳೂರಿಂದ ಮುಂಬೈಗೆ ಓಡಿಹೋಗಿ ಬೀದಿಯಲ್ಲಿದ್ದ ಹುಡುಗ. ಮೀರಾ ನಾಯರ್ ತಂಡ ಬೀದಿ ಮಕ್ಕಳಿಗೆ ಕಾರ್ಯಾಗಾರ ಮಾಡಿ ಆರಿಸಿದವರಲ್ಲಿ ಒಬ್ಬ. ರಾಷ್ಟ್ರಪ್ರಶಸ್ತಿ ಬಂತು. ಗೌತಮ್ ಘೋಷ್ ಅವರ ‘ಪತಂಗ್’ನಲ್ಲೂ ನಟಿಸಿದರು. ಆಮೇಲೆ ಅವಕಾಶ ಬರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದು ಆಟೋ ಓಡಿಸಿ ಸಂಸಾರ ಸಾಕಿದರು. ಸಿನಿಮಾದ ದುಡ್ಡಿನಿಂದ ಹುಟ್ಟಿದ ಸಲಾಂ ಬಾಲಕ್ ಟ್ರಸ್ಟ್ ಇವತ್ತಿಗೂ ಬೀದಿ ಮಕ್ಕಳಿಗಾಗಿ ಕೆಲಸ ಮಾಡ್ತಿದೆ. ಬ್ರೆಜಿಲ್‌ನ ‘ಪಿಶೋಟಿ’ ಅನ್ನೋ ಇಂಥದ್ದೇ ಸಿನಿಮಾದಲ್ಲಿ ನಟಿಸಿದ್ದ ಬೀದಿ ಹುಡುಗ 1987ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ ಪೊಲೀಸರ ಗುಂಡಿಗೆ ಸತ್ತ. ಅದಕ್ಕೆ ಹೋಲಿಸಿದ್ರೆ ದುಡಿದು ತಿಂದು ಬದುಕಿದ ಶಫೀಕ್ ಅವರದ್ದು ಸೋಲಿನ ಕಥೆ ಅಲ್ಲ ಅಂದೆ. ‘ಅಷ್ಟೊಳ್ಳೆ ನಟ, ಆಟೋನಾ?’ ಅಂತ ಅವನ ಮುಖದಲ್ಲಿದ್ದ ಪ್ರಶ್ನೆ ಮಾತ್ರ ಹೋಗಲಿಲ್ಲ. ಹೋಗಬೇಕಾಗಿಯೂ ಇಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವನೇ ಶುರು ಮಾಡಿದ. “ನಮ್ಮೂರಾಗ ಚಾ ಅಂಗಡೀಲಿ ಒಬ್ಬ ಅದಾನಲ್ಲ ಮಾಮ, ಅವ ಐದನೇತ್ತ ತನಕ ನನ್ ಕ್ಲಾಸ್‌ನಾಗೇ ಇದ್ದ. ಈಗ ಎಲ್ರೂ ಚೋಟು ಅಂತಾರ. ನಾನೂ ಅಂಗೇ ಅಂತೀನಿ. ಅವನ ಹೆಸರು ನಂಗೊತ್ತು.”

ಬೆಳಿಗ್ಗೆ ಮಂಡಾಳು ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬರೋಕೆ ನಾನು ಊರಿಗೆ ಹೋದಾಗಲೆಲ್ಲ ನಿಲ್ಲೋ ಅಂಗಡಿಗಳ ಸಾಲದು. ಸಿನಿಮಾ ತೋರಿಸಿದ್ದಕ್ಕೆ ಸಿಕ್ಕ ಫಲ ಅಂದ್ರೆ ಇದೇ. ಅಕ್ಕನಿಗೆ ಹೇಳಿದೆ. ಅವಳು ಶಾಲೆಯ ಮೇಷ್ಟ್ರ ಹತ್ತಿರ ಮಾತಾಡಿದಳು, ಮೇಷ್ಟ್ರು ಆ ಹುಡುಗನ ಮನೆಗೆ ಹೋಗಿ ಬಂದಿದ್ದಾರೆ. ಹುಡುಗ ಇನ್ನೂ ಶಾಲೆಗೆ ಬಂದಿಲ್ಲ. ಹದಿನಾಲ್ಕರೊಳಗಿನ ಮಕ್ಕಳನ್ನ ಅಂಗಡಿ, ಹೋಟೆಲಲ್ಲಿ ದುಡಿಸೋದು 2016ರ ತಿದ್ದುಪಡಿಯ ನಂತರ ಪೂರ್ತಿ ಅಪರಾಧ. ಮನೆಯವರದೇ ಕಸುಬಾದ್ರೆ, ಶಾಲೆಯ ಹೊತ್ತು ಬಿಟ್ಟು ಕೈಜೋಡಿಸಬಹುದು ಅನ್ನೋ ವಿನಾಯಿತಿ ಇದೆ. ಆ ಸಂದಿಯಲ್ಲೇ ಎಷ್ಟೋ ಮಕ್ಕಳು ಜಾರಿಹೋಗ್ತಾರೆ. ಎಲ್ಲರೂ ‘ನಮ್ಮ ಅಣ್ಣನ ಮಗ’ ಆಗಿಬಿಡ್ತಾರೆ. ಸಂಡೂರು, ಹೊಸಪೇಟೆ ಕಡೆ ಗಣಿ ಭರಾಟೆ ಜೋರಾಗಿದ್ದ ವರ್ಷಗಳಲ್ಲಿ ಅದಿರು ಒಡೀತಿದ್ದ ಮಕ್ಕಳಿಗೂ ಯಾರೂ ಹೆಸರು ಕೇಳಿರಲಿಲ್ಲ. ಕೆಜಿಎಫ್‌ನ ಗಣಿಯಲ್ಲಿ ದುಡಿಯೋ ಮಕ್ಕಳನ್ನ ನೋಡಿ ಕಣ್ಣೊರೆಸಿಕೊಂಡ ಜಿಲ್ಲೆ ನಮ್ಮದು.

ಸರಿ, ಹಾಗಾದ್ರೆ ತೋರಿಸಬೋದಾ ಬೇಡವಾ? ನನ್ನ ಮಟ್ಟಿಗೆ ಹೇಳ್ತೀನಿ.

ಹತ್ತು, ಹನ್ನೊಂದರ ಮಕ್ಕಳಿಗೆ ‘ಸಲಾಂ ಬಾಂಬೆ’ ಬೇಡ. ಬೈಗುಳದ ಕಾರಣಕ್ಕಲ್ಲ, ಸೋಲಾ ಸಾಲ್ ಕಥೆ ಅವರಿಗೆ ಅರ್ಥವಾಗಲ್ಲ, ಅರ್ಧ ಅರ್ಥವಾದ್ರೆ ಇನ್ನೂ ಕಷ್ಟ. ಹದಿಮೂರರಿಂದ ಹದಿನೈದರವರಿಗೆ ದೊಡ್ಡವರ ಜೊತೆಯಲ್ಲಿ, ಹಗಲು ಹೊತ್ತಲ್ಲಿ, ಮಧ್ಯೆ ನಿಲ್ಲಿಸೋ ರಿಮೋಟ್ ಕೈಲಿಟ್ಟುಕೊಂಡು. ಹದಿನಾರರ ಮೇಲಿನವರು ಒಬ್ಬರೇ ನೋಡಲಿ, ಆಮೇಲೆ ಊಟಕ್ಕೆ ಕೂತಾಗ ಮಾತು ತೆಗೀರಿ. ‘ರೈಲ್ವೇ ಚಿಲ್ಡ್ರನ್’ಗೂ ಹೆಚ್ಚುಕಡಿಮೆ ಇದೇ ಮಾತು. ಭಾಷೆ ನಮ್ಮದಾದ್ದರಿಂದ ಅದು ಬೇಗ ಒಳಗಿಳಿಯುತ್ತೆ, ಅಷ್ಟೇ ಬೇಗ ತಾಕುತ್ತೆ ಕೂಡ.

ಯಾವ ವಯಸ್ಸಾದ್ರೂ ಮೊದಲು ನೀವು ಒಬ್ಬರೇ ನೋಡಿ. ಪೇರೆಂಟಲ್ ಲಾಕ್ ಅನ್ನೋದು ಮಕ್ಕಳನ್ನ ಹೊರಗಿಡೋ ಬೀಗ ಮಾತ್ರ ಅಂದ್ಕೊಂಡಿದ್ದೀವಿ. ಅದರ ಕೀಲಿ ಇರೋದು ನಮ್ಮ ಹತ್ತಿರ, ಅಂದ್ರೆ ಮೊದಲು ಒಳಗೆ ಹೋಗಿ ನೋಡಿ ಬರಬೇಕಾದವರೂ ನಾವೇ.

ಸಿನಿಮಾ ಮುಗಿದ ತಕ್ಷಣ ಒಂದು ಮಾತು ನಾಲಿಗೆ ತುದಿಗೆ ಬರುತ್ತೆ: ‘ನೋಡಿದ್ಯಾ, ಓದದಿದ್ರೆ ಹೀಗಾಗ್ತೀಯ.’ ಇಲ್ಲಾಂದ್ರೆ ಅದರ ಸಭ್ಯ ರೂಪ: ‘ನೀನು ಎಷ್ಟು ಪುಣ್ಯವಂತ ನೋಡು.’ ದಯವಿಟ್ಟು ಎರಡನ್ನೂ ನುಂಗಿಕೊಳ್ಳಿ. ಮೊದಲನೆಯದು ಸುಳ್ಳು. ಕೃಷ್ಣ ಓದದೆ ಬೀದಿಗೆ ಬಂದವನಲ್ಲ, ಬೀದಿಗೆ ಬಂದಿದ್ದಕ್ಕೆ ಓದು ತಪ್ಪಿದವನು. ಎರಡನೆಯದು ಇನ್ನೊಬ್ಬ ಮಗುವಿನ ನೋವನ್ನ ನಮ್ಮ ಮಗುವಿನ ಸಮಾಧಾನಕ್ಕೆ ಬಳಸಿಕೊಂಡ ಹಾಗೆ. ಅದನ್ನ ಕೇಳಿ ಬೆಳೆದ ಮಗು ಮುಂದೆ ಆಫೀಸಲ್ಲಿ ಟೀ ತಂದಿಟ್ಟ ಹುಡುಗನ ಮುಖ ನೋಡದೆ ಲೋಟ ಎತ್ತಿಕೊಳ್ಳುತ್ತೆ. ನಮ್ಮಲ್ಲಿ ಎಷ್ಟೋ ಜನ ದಿನಾ ಮಾಡೋದು ಅದನ್ನೇ ಅಲ್ವಾ?

ಸುಮ್ಮನೆ ಒಂದು ಪ್ರಶ್ನೆ ಕೇಳಿ: ಈ ಸಿನಿಮಾದಲ್ಲಿ ಯಾರ್ಯಾರಿಗೆ ನಿಜವಾದ ಹೆಸರಿದೆ? ಮಕ್ಕಳು ಎಣಿಸೋಕೆ ಶುರು ಮಾಡ್ತಾರೆ. ಚಾಯ್‌ಪಾವ್ ಹೆಸರಲ್ಲ. ಸೋಲಾ ಸಾಲ್ ಹೆಸರಲ್ಲ. ಚಿಲ್ಲಮ್ ಸತ್ತ ಮೇಲೆ ಬಾಬಾ ಇನ್ನೊಬ್ಬ ಹುಡುಗನನ್ನ ತಂದು ಅವನಿಗೂ ಚಿಲ್ಲಮ್ ಅಂತಲೇ ಕರೀತಾನೆ. ಸತ್ತವನ ಜಾಗದ ಜೊತೆ ಹೆಸರೂ ಕೈ ಬದಲಾಗುತ್ತೆ. ಆ ಒಂದು ದೃಶ್ಯ ಮಗುವಿಗೆ ಅರ್ಥವಾದ್ರೆ, ಮನುಷ್ಯರನ್ನ ಕೆಲಸದ ಹೆಸರಲ್ಲಿ ಕರೆಯೋದು ಯಾಕೆ ತಪ್ಪು ಅಂತ ಬೇರೆ ಪಾಠ ಮಾಡಬೇಕಾಗಿಲ್ಲ.

ಕೊನೇದಾಗಿ ಒಂದು ಸಂಖ್ಯೆ. 1098, ಮಕ್ಕಳ ಸಹಾಯವಾಣಿ, ಕಾಸು ಖರ್ಚಿಲ್ಲದ ಕರೆ. ಸ್ಟೇಷನ್ನಲ್ಲೋ ಬಸ್ ಸ್ಟ್ಯಾಂಡಲ್ಲೋ ಒಂಟಿ ಮಗು ಕಂಡ್ರೆ ಮಾಡೋಕೆ. 13, 16, 18 ಅನ್ನೋ ಸಂಖ್ಯೆಗಳ ಜೊತೆ ಇದನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಮತ್ತೆ, ನಾಳೆ ನಿಮ್ಮ ಟೇಬಲ್ಲಿಗೆ ಟೀ ತರೋನ ಹೆಸರು ಕೇಳಿ.